ಅವ್ವ ಜಗಳವಿಲ್ಲದೆ ನುಂಗಿದ ಗುಳಿಗೆ

ಅವ್ವ ಯಾವ ಗುಳಿಗೆಯನ್ನೂ ಜಗಳವಿಲ್ಲದೆ ನುಂಗಿದವಳಲ್ಲ. ಜ್ವರಕ್ಕೆ ಜೀರಿಗೆ ಕಷಾಯ, ತಲೆನೋವಿಗೆ ಹಣೆಗೆ ಬಿಗಿದು ಕಟ್ಟಿದ ಒಂದು ಅರಿವೆ, ಅಷ್ಟೇ. ಅಂಥವಳು ಆ ಸಣ್ಣ ಬಿಳಿ ಗುಳಿಗೆಯನ್ನು ಮೊದಲ ದಿನವೇ ಪ್ರಸಾದದ ಹಾಗೆ ಅಂಗೈಯಲ್ಲಿ ಹಿಡಿದು ನುಂಗಿದಾಗ ನನಗೆ ಸಮಾಧಾನವಾಗಬೇಕಿತ್ತು. ಸಂಶಯ ಬಂತು.

ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ನಾವಿದ್ದದ್ದು ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ. ಅವ್ವನ ತವರು ಅಮ್ಮಿನಬಾವಿ. ಅಲ್ಲಿ ಅಜ್ಜ ಕರುಳಿನ ಕ್ಯಾನ್ಸರಿನಿಂದ ಹೋಗಿದ್ದ, ಅವ್ವನ ಅಣ್ಣ ಅಂದರೆ ನನ್ನ ದೊಡ್ಡ ಮಾವನೂ ಅದರಿಂದಲೇ ಹೋದ. ಆಮೇಲೆ ಸಣ್ಣ ಮಾವನಿಗೂ ಅದೇ ಕಂಡಿತು, ಆದರೆ ಹುಬ್ಬಳ್ಳಿಯಲ್ಲಿ ಆಪರೇಶನ್ ಆಗಿ ಉಳಿದುಕೊಂಡ. ಅವನ ಡಾಕ್ಟರಮ್ಮ ಅವ್ವನನ್ನು ಕರೆಸಿ, ಇದು ನಿಮ್ಮ ಮನೆತನದಲ್ಲೇ ಇಳಿದು ಬರುತ್ತಿರಬಹುದು, ಕ್ಯಾಮರಾ ಇರುವ ನಳಿಗೆ ಹಾಕಿ ಕರುಳನ್ನು ಆಗಾಗ ನೋಡಿಸಿಕೊಳ್ಳಲೇಬೇಕು ಎಂದರು. ಜೊತೆಗೆ ದಿನಾ ಊಟದ ಮೇಲೆ ಒಂದು ಆಸ್ಪಿರಿನ್ ತೆಗೆದುಕೊಂಡು ನೋಡಬಹುದು, ಅದು ತಡೆಯಬಹುದು, ಖಾತ್ರಿ ಇನ್ನೂ ಇಲ್ಲ, ಹೊಟ್ಟೆ ಉರಿದರೆ ನಿಲ್ಲಿಸಿ ಬನ್ನಿ ಎಂದೂ ಹೇಳಿದರು.

ಖಾತ್ರಿ ಇಲ್ಲ ಎಂದ ಮೇಲೆ ಕೊಡುವುದೇಕೆ? ನಾನು ಬಿ.ಕಾಂ ಹುಡುಗಿ. ವಿಜ್ಞಾನವನ್ನು ಹತ್ತನೆಯ ಇಯತ್ತೆಗೇ ಬಿಟ್ಟವಳು, ಆದರೂ ಗೋಕುಲ ರಸ್ತೆಯ ಇಂಟರ್‌ನೆಟ್ ಅಂಗಡಿಯಲ್ಲಿ ಕುಳಿತು ಸಿಕ್ಕದ್ದನ್ನೆಲ್ಲ ಓದಿದೆ. ಒಂದು ಪುಟ ಹೌದು ಅನ್ನುತ್ತಿತ್ತು, ಇನ್ನೊಂದು ಕಾದು ನೋಡೋಣ ಅನ್ನುತ್ತಿತ್ತು. ನಮ್ಮ ಮೇಲೆ ಪ್ರಯೋಗ ನಡೆದಿದೆಯೋ ಏನೋ ಎಂದು ಮನೆಗೆ ಬಂದು ಗುಳಿಗೆಯ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಔಷಧಿ ಅಂಗಡಿಯವನು ಬೇರೆ, ಇದು ಹಾರ್ಟಿನ ಗುಳಿಗೆಯಲ್ಲವೇ, ಯಾರಿಗೆ ಅಟ್ಯಾಕ್ ಆಗಿತ್ತು ಎಂದು ಕೇಳಿದ್ದ. ಯಾರಿಗೂ ಇಲ್ಲ ಎಂದರೆ ನಂಬಲಿಲ್ಲ. ಅದೇ ವಾರ ಅಂಗಡಿಯಿಂದ ಸುದ್ದಿ ಹಬ್ಬಿ ಓಣಿಯ ಹೆಂಗಸರು ಬ್ರೆಡ್ಡು, ಮೋಸಂಬಿ ಹಿಡಿದು ಅವ್ವನನ್ನು ನೋಡಲು ಬಂದರು. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟೆದ್ದು ಎಲ್ಲರಿಗೂ ಚಹಾ ಮಾಡಿಕೊಟ್ಟಳು. ಹೋಗುವಾಗ ಒಬ್ಬಾಕೆ ನನ್ನ ಕಿವಿಯಲ್ಲಿ, "ಪಾಪ, ಆಕಿಗೆ ಹೇಳೇ ಇಲ್ಲೇನು?" ಎಂದಳು.

ಡಾಕ್ಟರು, ಅಂಗಡಿಯವನು, ಓಣಿ, ಎಲ್ಲರ ಮೇಲೂ ಕಣ್ಣಿಟ್ಟಿದ್ದ ನಾನು ಅವ್ವನ ಮೇಲೆ ಇಟ್ಟದ್ದು ತಡವಾಗಿ. ಕ್ಯಾಮರಾದ ದಿನ ಹತ್ತಿರ ಬಂದಾಗ ಅವಳು ಮೆಣಸಿನಕಾಯಿ ಒಣಹಾಕಲು ಕುಳಿತಳು.

"ಗುಳಿಗಿ ನುಂಗಾಕತ್ತೇನಲ್ಲ. ಮತ್ತ ಯಾಕ ನೋಡಸಬೇಕು?"

ಆ ಪ್ರಸಾದದ ಭಕ್ತಿ ಇದಕ್ಕೇ. ಡಾಕ್ಟರಮ್ಮ ಎರಡು ಮಾತು ಹೇಳಿದ್ದರು, ಅವ್ವ ಸಣ್ಣದನ್ನು ನುಂಗಿ ದೊಡ್ಡದರಿಂದ ತಪ್ಪಿಸಿಕೊಂಡಿದ್ದಳು. ಗುಳಿಗೆ ಕ್ಯಾಮರಾದ ಬದಲಿಗಲ್ಲ ಎಂದು ನಾನು ಓದಿದ್ದನ್ನೆಲ್ಲ ಒದರಿದೆ. ಅವಳು ಮೆಣಸಿನಕಾಯಿಯಿಂದ ತಲೆ ಎತ್ತಲಿಲ್ಲ.

"ನಿಮ್ಮ ದೊಡ್ಡ ಮಾವ ನಕ್ಕೋತ ಹೋಗಿದ್ದ ನೋಡಸಾಕ. ನೋಡಿದ ಮ್ಯಾಲೇ ಸಿಕ್ತು."

ನಾನು ಎದ್ದು ಹೊರಗೆ ಹೋದೆ. ಸಣ್ಣ ಮಾವನಿಗೆ ಫೋನು ಮಾಡಿದೆ. ಮರುದಿನ ಮುಂಜಾನೆಯ ಬಸ್ಸಿಗೇ ಬಂದ. ಅಂಗಿ ಮೈಮೇಲೆ ಜೋತಾಡುತ್ತಿತ್ತು. ಕೈಕಾಲು ತೊಳೆದವನೇ ಅವ್ವನ ಎದುರು ಕುಳಿತ.

"ಅಕ್ಕಾ, ನೀ ಅಣ್ಣನ್ನಷ್ಟ ನೆನಸತಿ. ಲಗೂ ನೋಡಿಸಿದಾಂವ ನಾ ಇಲ್ಲೇ ಕುಂತೇನಲ್ಲ?"

ನಿನಗೆ ನಾಚಿಕೆ ಇಲ್ಲ, ಹೋದಿ ಎಂದು ಅವ್ವ ಗೊಣಗಿದಳು.

"ನಾಚಿಕಿ ಆ ಪೈಪಿನಾಗ ಹೋತು. ನಿಂದೂ ಹೋಗಲಿ ತಗೊ."

ಅವ್ವನಿಗೆ ನಗು ತಡೆಯಲಾಗಲಿಲ್ಲ. ಮಾವ ಅಲ್ಲಿಗೇ ಬಿಡಲಿಲ್ಲ.

"ಪಂಚಮಿಗೆ ತವರಿಗೆ ಕರಿಯಾಕ ಬರೂದು ಒಂದ ದಿನ ತಡಾ ಆದ್ರ, ಕರುಳು ಹಂಚಗೊಂಡು ಹುಟ್ಟಿದಾಂವ ಮರತಾ ಅಂತ ಓಣಿ ತುಂಬ ಹೇಳತಿ. ಹಂಚಗೊಂಡಿದ್ದು ಖರೇ ಇದ್ರ ಈಗ ನಡಿ. ಕರಿಯಾಕ ಬಂದೇನಿ."

ಅವ್ವ ಮೆಣಸಿನಕಾಯಿಯನ್ನೆಲ್ಲ ಬುಟ್ಟಿಗೆ ತುಂಬಿದಳು. ಆಮೇಲೆ ಕೈ ತೊಳೆದು, ತವರಿಗೆ ಹೊರಡುವಾಗ ಉಡುವ ಇಳಕಲ್ ಸೀರೆಯನ್ನೇ ತೆಗೆದಿಟ್ಟಳು.

ಕ್ಯಾಮರಾದಲ್ಲಿ ಒಂದು ಸಣ್ಣ ಗಂಟು ಕಂಡಿತು. ಆಗಲೇ ತೆಗೆದರು. ಪರೀಕ್ಷೆಗೆ ಕಳಿಸಿದ್ದು ವಾಪಸು ಬಂದಾಗ, ಅದಿನ್ನೂ ಕ್ಯಾನ್ಸರ್ ಆಗಿರಲಿಲ್ಲ, ಬಿಟ್ಟಿದ್ದರೆ ಆಗುತ್ತಿತ್ತೇನೋ ಎಂದರು ಡಾಕ್ಟರಮ್ಮ. ಅಷ್ಟು ದಿನ ನುಂಗಿದ ಗುಳಿಗೆ ಏನಾದರೂ ಮಾಡಿತ್ತೇ ಎಂದು ನಾನು ಪಟ್ಟು ಹಿಡಿದು ಕೇಳಿದೆ. ಅದನ್ನು ಹೇಳಲು ಬರುವುದಿಲ್ಲ, ಎರಡೂ ನಡೆಯಲಿ ಎಂದು ಹೇಳಿ ಅವರು ನನ್ನನ್ನೇ ನೋಡತೊಡಗಿದರು. ಅವ್ವನಿಗೆ ಆ ನೋಟ ನನಗಿಂತ ಮೊದಲೇ ತಿಳಿಯಿತು.

"ಮುಂದ ಈಕೀದು ನೋಡ್ರಿ."

ನನ್ನ ಬಾಯಿಂದ ಬಂದದ್ದು ಇಷ್ಟೇ: "ಸದ್ಯಕ್ಕ ಗುಳಿಗಿ ಅಷ್ಟ ಸಾಕಲ್ಲೇನ್ರಿ?"

ಅವ್ವ ಡಾಕ್ಟರಮ್ಮನ ಉತ್ತರಕ್ಕೆ ಕಾಯಲಿಲ್ಲ. ನನ್ನ ರಟ್ಟೆ ಹಿಡಿದು ಅವರೆದುರಿನ ಕುರ್ಚಿಯ ಕಡೆ ದೂಡಿದಳು.