ಲೈನ್‌ಮನ್ ಆದ ವರ್ಷ

ಮಂಡಿ ಮೊಹಲ್ಲಾದ ನಮ್ಮ ಫುಟ್‌ಬಾಲ್ ಕ್ಲಬ್ಬಿನಲ್ಲಿ ಯಾರಿಗೂ ‘ಇನ್ನು ಆಡಬೇಡ’ ಎಂದು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ವಯಸ್ಸಾದವನ ಕೈಗೆ ಒಂದು ಭಾನುವಾರ ಲೈನ್‌ಮನ್ ಬಾವುಟ ಕೊಡುತ್ತಾರೆ, ಅಷ್ಟೆ. ಇಸಕೊಂಡವನು ಮರುಮಾತಾಡದೆ ಗೆರೆಯ ಪಕ್ಕ ಹೋಗಿ ನಿಲ್ಲುತ್ತಾನೆ. ಮುಂದಿನ ವಾರ ಅವನ ನಂಬರಿನ ಜರ್ಸಿ ಬೇರೊಬ್ಬನ ಮೈಮೇಲಿರುತ್ತದೆ.

ಈ ಪದ್ಧತಿ ಕ್ಲಬ್ಬಿನಷ್ಟೇ ಹಳೆಯದು. ಸಗಟು ಅಂಗಡಿಗಳಲ್ಲಿ ಮೂಟೆ ಹೊರುತ್ತಿದ್ದವರು, ಟೈಲರುಗಳು, ಗ್ಯಾರೇಜಿನವರು, ಅಗ್ರಹಾರದ ಕಡೆಯ ಒಬ್ಬ ಮೇಷ್ಟ್ರು ಸೇರಿ ಕಟ್ಟಿದ ಕ್ಲಬ್ಬು ಇದು. ಊರೆಲ್ಲ ಬ್ಯಾಟು ಹಿಡಿದು ಓಡಾಡುವಾಗ ನಮ್ಮವರು ಹಟಕ್ಕೆ ಬಿದ್ದು ಚೆಂಡು ಒದ್ದರು. ರೆಫರಿಯನ್ನು ಹೊರಗಿನಿಂದ ಕರೆಸುತ್ತಿದ್ದರು, ಲೈನ್‌ಮನ್‌ಗಳನ್ನು ಮಾತ್ರ ಆಡುವ ಕ್ಲಬ್ಬುಗಳೇ ಒಬ್ಬೊಬ್ಬರಂತೆ ಕೊಡಬೇಕಿತ್ತು. ಆಟ ಬಿಟ್ಟವನಿಗೆ ಒಂದು ಕೆಲಸವೂ ಆಯಿತು, ಮರ್ಯಾದೆಯೂ ಆಯಿತು ಎಂದು ಹಿರಿಯರು ಲೆಕ್ಕ ಹಾಕಿದ್ದರು. ಮರ್ಯಾದೆ ಯಾರಿಗೆ ಬೇಕಿತ್ತು ಸ್ವಾಮಿ? ನನಗೆ ಆಡಬೇಕಿತ್ತು.

ನಾನು ಲೆಫ್ಟ್ ಬ್ಯಾಕ್, ಎಡಬದಿಯಲ್ಲಿ ಎದುರಾಳಿಗಳನ್ನು ತಡೆಯುವವನು. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ, ಬಸ್ಸಿನಲ್ಲೇ ಬೂಟಿನ ಲೇಸು ಬಿಗಿದುಕೊಂಡು ಮೈದಾನಕ್ಕೆ ಇಳಿಯುತ್ತಿದ್ದವನು. “ವಾರವೆಲ್ಲ ಮಂಡಿಗೆ ಎಣ್ಣೆ ತಿಕ್ಕಿಸ್ಕೊತೀರಿ, ಭಾನ್ವಾರ ಅದೇ ಮಂಡೀನ ಒಡ್ಕೊಂಡು ಬರ್ತೀರಿ” ಎಂದು ಹೆಂಡತಿ ಗೊಣಗುತ್ತಿದ್ದಳು. ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹೋದ ವರ್ಷ ಕ್ಲಬ್ಬಿನ ಸೆಕ್ರೆಟರಿ, ನನ್ನ ಜೊತೆಯಲ್ಲೇ ಆಡಿ ಬೆಳೆದವನು, ನನ್ನ ಮುಖ ನೋಡದೆ ಬಾವುಟ ಚಾಚಿದ. “ಇವತ್ತೊಂದಿನ ಹಿಡ್ಕೊಂಬುಡು ಕಣೋ” ಎಂದ. ಎಲ್ಲರಿಗೂ ಹೇಳುವುದು ಅದೇ ಮಾತು.

ಆಮೇಲೆ ಶುರುವಾಯಿತು ನೋಡಿ ಮರ್ಯಾದೆಯ ಕಾಟ. ಮ್ಯಾಚ್ ಮುಗಿದ ಮೇಲೆ ನಾವೆಲ್ಲ ಸೇರುವ ಟೀ ಅಂಗಡಿಯಲ್ಲಿ ಹುಡುಗರು ನನ್ನನ್ನು ಕಂಡು ಎದ್ದು ನಿಲ್ಲತೊಡಗಿದರು. ಮೊದಲ ಟೀ ನನಗೇ. ಹಿಂದೆ ಅದೇ ಅಂಗಡಿಯಲ್ಲಿ ನನ್ನ ಒಂದು ಕೆಟ್ಟ ಪಾಸಿಗೆ ಅರ್ಧ ಗಂಟೆ ಉಗಿಸಿಕೊಂಡಿದ್ದೇನೆ, ಉಗಿದಿದ್ದೇನೆ. ಈಗ ನಾನು ಒಳಗೆ ಕಾಲಿಟ್ಟರೆ ಜಗಳ ತಣ್ಣಗಾಗುತ್ತಿತ್ತು. ಮನೆಗೆ ಬಂದ ನೆಂಟನಂತೆ ಕೂತು ಟೀ ಕುಡಿದು ಬರುತ್ತಿದ್ದೆ. ಕ್ಲಬ್ಬು ಕೈಬಿಟ್ಟು ಹೋಯಿತು ಎಂದು ನಿಜವಾಗಿಯೂ ಸಂಕಟವಾಗುತ್ತಿತ್ತು.

ಹೂಟಗಳ್ಳಿಯವರ ಜೊತೆ ಮ್ಯಾಚ್ ಬಂತು. ಕೊನೆಯವರೆಗೂ ಎರಡೂ ಕಡೆ ಗೋಲಿಲ್ಲ. ನಮ್ಮವರ ದಾಳಿ ನಾನು ನಿಂತ ಕಡೆಗೇ ನುಗ್ಗಿತು. ಮನೆಮನೆಗೆ ಪಾರ್ಸೆಲ್ ತಲುಪಿಸುವ ಕೆಲಸದ ನಮ್ಮ ಫಾರ್ವರ್ಡ್ ಚೆಂಡು ಸಿಕ್ಕಿದ್ದೇ ತಡ ಬಲೆಗೆ ಬಾರಿಸಿದ. ಚೆಂದದ ಗೋಲು. ಆದರೆ ಪಾಸ್ ಕೊಡುವ ಮೊದಲೇ ಅವನು ಎದುರಾಳಿಯ ಕೊನೆಯ ಬ್ಯಾಕನ್ನು ದಾಟಿ ನಿಂತಿದ್ದ. ಅದನ್ನು ನೋಡಿದವನು ನಾನೊಬ್ಬನೇ. ಬಾವುಟ ಹಿಡಿದ ಕೈ ತಾನಾಗಿಯೇ ಮೇಲೆದ್ದಿತು. ರೆಫರಿ ಸೀಟಿ ಊದಿ ಆಫ್‌ಸೈಡ್ ಕೊಟ್ಟರು, ಗೆಲ್ಲುವ ಮ್ಯಾಚ್ ಡ್ರಾ ಆಯಿತು.

ಟೀ ಅಂಗಡಿಗೆ ಅಳುಕುತ್ತಲೇ ಹೋದೆ. ಯಾರೂ ಏಳಲಿಲ್ಲ. ಫಾರ್ವರ್ಡ್ ಮುಖ ಕೆಂಪಗೆ ಮಾಡಿಕೊಂಡು ಟೇಬಲ್ ಮೇಲೆ ಲೋಟಗಳನ್ನು ಆಟಗಾರರಂತೆ ಜೋಡಿಸಿ, “ಬಾರಣ್ಣ ಇಲ್ಲಿ. ನಾನು ಎಲ್ಲಿದ್ದೆ, ತೋರ್ಸು. ಕಣ್ಣು ಎಲ್ಲಿಟ್ಕೊಂಡಿದ್ದೆ ನೀನು?” ಎಂದ.

“ನಿನ್ನ ಮೇಲೇ ಇಟ್ಕೊಂಡಿದ್ದೆ ಕಣೋ” ಎಂದು ಒಂದು ಲೋಟ ಮುಂದಕ್ಕೆ ತಳ್ಳಿದೆ. ಅವನು ಹಿಂದಕ್ಕೆ ಎಳೆದ. ಗೋಲ್‌ಕೀಪರ್ ಅವನ ಪರ ನಿಂತ, ಸೆಕ್ರೆಟರಿಯೂ ನನ್ನ ಕಣ್ಣಿನ ಮೇಲೆ ಗುಮಾನಿ ಪಟ್ಟ. ಎಲ್ಲರೂ ಸೇರಿ ಬೈದರು, ನಾನು ಅವರಿಗಿಂತ ಜೋರಾಗಿ ಬೈದೆ. ಅಂಗಡಿಯವರು ಲೋಟ ಒಡೆದೀತೆಂದು ಗದರಿಕೊಳ್ಳುವವರೆಗೂ ನಡೆಯಿತು. ನನಗೆ ಟೀ ಹೇಳಲು ಯಾರಿಗೂ ನೆನಪಾಗಲಿಲ್ಲ.

ಮನೆಗೆ ಬಂದಾಗ ಕಿರುಚಾಡಿ ದನಿ ಬಿದ್ದುಹೋಗಿತ್ತು. “ಗೆದ್ರಾ?” ಎಂದು ಹೆಂಡತಿ ಕೇಳಿದಳು.

“ಇಲ್ಲ, ಚೆನ್ನಾಗಿ ಬೈಸ್ಕೊಂಡು ಬಂದೆ” ಎಂದೆ. ಹಲ್ಲು ಕಿಸಿಯುತ್ತಿದ್ದ ನನ್ನನ್ನು ಅವಳು ಒಂದು ಗಳಿಗೆ ನೋಡಿ ತಟ್ಟೆ ಹಾಕಿದಳು. ನನ್ನವರು ನನಗೆ ವಾಪಸ್ ಸಿಕ್ಕಿದ್ದರು.