ಬ್ರೇಕು ಗಟ್ಟಿಯಾದ ದಿನ

ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಭಾವ ಮೊದಲ ಸಲ ಬ್ರೇಕಿನ ಮಾತೆತ್ತಿದರು. ಮಗ್ಗೆಯ ನೆಂಟರ ಮನೆಗೆ ಊಟದ ಹೊತ್ತಿಗೆ ತಲುಪುತ್ತೇವೋ ಇಲ್ಲವೋ ಎಂದು ನಾನು ಆಗಷ್ಟೇ ಕೈಗಡಿಯಾರ ನೋಡಿದ್ದೆ.

"ಪೆಡಲ್ ಯಾಕೋ ಕಲ್ಲಿದ್ದಂಗೈತೆ ಮಾರಾಯ್ತಿ. ಮೊದ್ಲು ಅರ್ಧ ಇಳಿದ್ಮೇಲೆ ಹಿಡೀತಿತ್ತು. ಈಗ ಕಾಲಿಟ್ಟ ತಕ್ಷಣ ಹಿಡೀತೈತೆ."

"ಒಳ್ಳೇದಲ್ವಾ ಭಾವ?"

"ಒಳ್ಳೇದೇ. ಕೇಳ್ದೇನೇ ಒಳ್ಳೇದಾಗ್ಬುಟ್ರೆ ಭಯ ಆಗ್ತೈತೆ, ಅಷ್ಟೇ."

ತೊಂಬತ್ತರ ದಶಕದ ಮಾತು. ಬಿ.ಎಸ್ಸಿ. ಮುಗಿಸಿ ನಾನು ಯಸಳೂರು ಕಡೆಯ ಅಕ್ಕನ ಮನೆಯಲ್ಲಿದ್ದೆ. ಅವರದು ಕಾಫಿ ತೋಟ. ಆ ಕಾರಿನಲ್ಲಿ ಕೂರಲು ಇಬ್ಬರಿಗಷ್ಟೇ ಜಾಗ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತೆ ಓಡುವ ಹಳೆಯ ಸ್ಪೋರ್ಟ್ಸ್ ಕಾರು. ಊರು ಬಿಟ್ಟು ಹೊರಟ ಬಿಳಿಯ ಪ್ಲಾಂಟರ್ ಒಬ್ಬರಿಂದ ಭಾವನ ಅಪ್ಪ, ಅಂದರೆ ನನ್ನ ಮಾವ, ಅದನ್ನು ಕೊಂಡಿದ್ದರಂತೆ. ಮಳೆಗಾಲವಿಡೀ ಸ್ಟೋರಿನಲ್ಲಿ ಗೋಣಿಚೀಲಗಳ ಪಕ್ಕ ನಿಂತಿದ್ದು ಆ ವಾರವಷ್ಟೇ ಹೊರಗೆ ಬಂದಿತ್ತು.

ಸಮತಟ್ಟು ರಸ್ತೆಯಲ್ಲೂ ಯಾರೋ ಹಿಂದಿನಿಂದ ಜಗ್ಗಿ ಹಿಡಿದಂತೆ ಕಾರು ಹಿಂಜರಿಯುತ್ತಿತ್ತು. ಭಾವ ಬ್ರೇಕಿನಿಂದ ಕಾಲು ತೆಗೆದರೂ ಅದು ಬಿಡುತ್ತಿರಲಿಲ್ಲ. ಏನೋ ಸುಟ್ಟ ವಾಸನೆ. ಇಳಿಜಾರು ಶುರುವಾಯಿತು. ಕೆಳಗಿನ ತಿರುವಿನಲ್ಲಿ ಬಸ್ಸೊಂದು ನಿಂತು ಜನರನ್ನು ಇಳಿಸುತ್ತಿತ್ತು. ಭಾವ ಪೆಡಲ್ ಒತ್ತಿದರು. ಕಲ್ಲಿನಂತಿದ್ದ ಪೆಡಲ್ ಕೆಸರಿಗಿಟ್ಟ ಕಾಲಿನಂತೆ ತಳಕ್ಕೆ ಇಳಿದುಹೋಯಿತು.

ಅವರು ಗೇರ್ ಇಳಿಸಿದರು, ಕೈಬ್ರೇಕ್ ಎಳೆದರು. ಬಸ್ಸಿನ ಹಿಂದೆ ತಲೆ ಮೇಲೆ ಅಕ್ಕಿ ಮೂಟೆ ಹೊತ್ತ ಹೆಂಗಸೊಬ್ಬಳು ನಮ್ಮನ್ನೇ ನೋಡುತ್ತಾ ನಿಂತಿದ್ದಳು. ಅವಳ ಸೀರೆಯ ಅಂಚು ನನಗೆ ಇಂದಿಗೂ ಕಾಣುತ್ತದೆ. ಎಡಕ್ಕೆ ಯಾರದೋ ಎಸ್ಟೇಟಿನ ದಾರಿ ಗುಡ್ಡ ಹತ್ತುತ್ತಿತ್ತು. ಭಾವ ಅತ್ತ ತಿರುಗಿಸಿದರು. ಏರಿನಲ್ಲಿ ಕಾರು ಉಸಿರು ಕಳೆದುಕೊಂಡು, ಗೊಬ್ಬರಕ್ಕೆಂದು ಹಾಕಿದ್ದ ಕಾಫಿ ಸಿಪ್ಪೆಯ ರಾಶಿಗೆ ಮೂತಿ ತೂರಿಸಿ ನಿಂತಿತು.

ಬಸ್ಸಿನಿಂದ ಯಾರೋ ಕೂಗಿದರು: "ಏನ್ ಸೌಕಾರ್ರೇ, ಗೊಬ್ಬರ ಹಾಕಕ್ಕೆ ಕಾರೇ ಬೇಕಿತ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಲಗಾಲು ಮಾತ್ರ ಇನ್ನೂ ಕಾರಿನ ನೆಲವನ್ನು ಒತ್ತಿಕೊಂಡೇ ಇತ್ತು.

ಮನೆಯಲ್ಲಿ ಮಾವ ಅಕ್ಕನೆದುರು ತೀರ್ಪು ಕೊಟ್ಟಾಗಿತ್ತು. "ಸ್ಪೀಡು ಕಣವ್ವಾ, ಇನ್ನೇನು? ಪರರ ಮನೆ ಹುಡುಗೀನ ಕೂರಿಸ್ಕೊಂಡು ಸರ್ಕಸ್ ಮಾಡವ್ನೆ." ಕಾರಿನದಷ್ಟೇ ಅಲ್ಲ, ಜೀಪಿನ ಕೀಲಿಯೂ ಅವರ ಜೇಬಿಗೆ ಹೋಯಿತು. ಭಾವ ಸ್ವಂತ ತೋಟಕ್ಕೆ ನಡೆದುಕೊಂಡು, ಊರಿಗೆ ಬಸ್ಸಿನಲ್ಲಿ ಹೋಗತೊಡಗಿದರು. ಅಕ್ಕ ಅವರೊಡನೆ ಮಾತು ಬಿಟ್ಟಳು. ವೇಗವಿರಲಿಲ್ಲ ಎಂದು ನಾನೆಷ್ಟು ಹೇಳಿದರೂ, "ನೀನು ಭಾವನ ಪಾರ್ಟಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ರಾತ್ರಿ ಕಣ್ಣು ಹತ್ತಿದೊಡನೆ ನನ್ನ ಬಲಗಾಲು ಮಂಚದ ಪಟ್ಟಿಯನ್ನು ಒತ್ತುತ್ತಿತ್ತು. ಒತ್ತಿದ ಕೂಡಲೇ ಎಚ್ಚರ. ಭಯಕ್ಕಿಂತ ಹೆಚ್ಚಾಗಿ ಕಾಡಿದ್ದು ಒಂದು ಪ್ರಶ್ನೆ: ಕೆಡುವ ಬ್ರೇಕು ಮೊದಲು ಗಟ್ಟಿಯಾದದ್ದು ಯಾಕೆ?

ಸಕಲೇಶಪುರದ ಗ್ಯಾರೇಜಿನವರು ಬ್ರೇಕಿನೊಳಗಿನ ರಬ್ಬರುಗಳನ್ನೆಲ್ಲ ಬದಲಿಸಿ, "ಹಳೇ ಗಾಡಿ, ರಬ್ಬರ್ ಊದ್ಕಂಡೈತೆ" ಎಂದು ಕಾರು ಕಳಿಸಿದರು. ಹಳೆಯದಾದರೆ ರಬ್ಬರು ಒಣಗಿ ಬಿರಿಯಬೇಕು, ಊದುವುದೇಕೆ? ಬ್ರೇಕ್ ಆಯಿಲ್ ತುಂಬುವ ಡಬ್ಬಿಯ ಮುಚ್ಚಳದೊಳಗೆ ಅವರು ಹಾಗೇ ಬಿಟ್ಟಿದ್ದ ಹಳೆಯ ರಬ್ಬರನ್ನು ಮೂಸಿದೆ. ಪರಿಚಿತ ವಾಸನೆ. ಸ್ಟೋರಿನದು.

ಆ ತೋಟದಲ್ಲಿ ಯಂತ್ರಗಳಿಗೆಲ್ಲ ಒಂದೇ ಎಣ್ಣೆ ಡಬ್ಬ. ಹಣ್ಣು ಸುಲಿಯುವ ಪಲ್ಪರ್, ಔಷಧಿ ಹೊಡೆಯುವ ಪಂಪು, ಗೇಟಿನ ತಿರುಗಣಿ, ಎಲ್ಲಕ್ಕೂ ಅದೇ. ಮಳೆಗಾಲ ಕಳೆದ ಮೇಲೆ ಮಾವ ಆ ಡಬ್ಬ ಹಿಡಿದು ದೇವರಿಗೆ ದೀಪ ಹಚ್ಚುವಷ್ಟು ಶ್ರದ್ಧೆಯಿಂದ ಒಂದು ಸುತ್ತು ಬರುತ್ತಿದ್ದರು. "ಮುಚ್ಚಳ ಐತೆ ಅಂದ್ರೆ ಅದು ಎಣ್ಣೆ ಕೇಳ್ತೈತೆ ಅಂತ್ಲೇ ಅರ್ಥ" ಎನ್ನುವುದು ಅವರ ಮಾತು.

ಗ್ಯಾರೇಜಿನಿಂದ ಎರಡು ಹೊಸ ರಬ್ಬರು ತರಿಸಿದೆ. ಒಂದು ಲೋಟದಲ್ಲಿ ಬ್ರೇಕ್ ಆಯಿಲ್, ಇನ್ನೊಂದರಲ್ಲಿ ಸ್ಟೋರಿನ ಎಣ್ಣೆ. ಒಂದೊಂದಕ್ಕೂ ಒಂದೊಂದು ರಬ್ಬರು ಹಾಕಿ ಜಗಲಿಯ ಕಿಟಕಿಯಲ್ಲಿಟ್ಟೆ. "ಉಪ್ಪಿನಕಾಯಾ ಅದು?" ಎಂದು ಅಕ್ಕ ಅಣಕಿಸಿದಳು. ಕೆಲವು ದಿನಗಳಲ್ಲಿ ಸ್ಟೋರಿನ ಎಣ್ಣೆಯದು ನೆನೆಹಾಕಿದ ಕಡಲೆಯಂತೆ ಊದಿತು. ಇನ್ನೊಂದು ಹಾಗೇ ಇತ್ತು. ನನಗೆ ದಾರಿ ಕಂಡಿತು: ಬ್ರೇಕಿನ ಡಬ್ಬಿಗೂ ಆ ಎಣ್ಣೆ ಬಿದ್ದು ಊದಿದ ರಬ್ಬರು ಆಯಿಲ್ ವಾಪಸು ಹೋಗಲು ಬಿಡದೆ ಪೆಡಲ್ ಗಟ್ಟಿಯಾಗಿದೆ, ಬ್ರೇಕು ಹಿಡಿದುಕೊಂಡೇ ಓಡಿ ಚಕ್ರ ಕಾದಿದೆ, ಆಯಿಲ್ ಕುದಿದು ಆವಿಯಾದ ಮೇಲೆ ಕಾಲಿಗೆ ಏನೂ ಸಿಕ್ಕಿಲ್ಲ.

ಹೇಳುವುದು ಹೇಗೆಂದು ಯೋಚಿಸುತ್ತಿರುವಾಗಲೇ ಮಾವ ಕಿಟಕಿಯ ಬಳಿ ನಿಂತರು. ಎರಡೂ ರಬ್ಬರು ತೆಗೆದು ಅಂಗೈಯಲ್ಲಿಟ್ಟು ನೋಡಿದರು.

"ಈ ದಪ್ಪಂದು ಯಾವ ಎಣ್ಣೇಲಿತ್ತವ್ವಾ?"

"ಸ್ಟೋರಿನ ಡಬ್ಬದ್ದು, ಮಾವ."

ಅವರು ಬೆರಳಿನ ಜಿಡ್ಡನ್ನು ಪಂಚೆಗೆ ಒರೆಸಿಕೊಂಡು ಅಂಗಳಕ್ಕಿಳಿದು, ಕಾರಿನ ಎಡಸೀಟಿನಲ್ಲಿ, ನಾನು ಕೂತಿದ್ದ ಜಾಗದಲ್ಲಿ, ಕಷ್ಟಪಟ್ಟು ಕೂತರು.

"ಬಾರೋ," ಎಂದು ಮಗನನ್ನು ಕರೆದರು. "ಮಗ್ಗೆಗೆ ಹೋಗ್ಬರನ. ನೆಂಟ್ರು ಊಟಕ್ಕೆ ಕಾಯ್ತಾವ್ರೆ."

"ಇನ್ನೂ ಕಾಯ್ತಾವ್ರಾ ಅಪ್ಪಾ?" ಎಂದರು ಭಾವ.

"ಕಾಯ್ದೇ ಇದ್ರೆ ಬಿಸಿ ಮಾಡಿ ಬಡಿಸ್ತಾರೆ. ನೀನು ಹತ್ತು." ಜೇಬಿನಿಂದ ಕೀಲಿಗಳನ್ನು ತೆಗೆದು ಕೊಟ್ಟರು. ಜೀಪಿನದೂ ಇತ್ತು.

ಸಂಜೆಯವರೆಗೂ ಅಕ್ಕ ಮತ್ತು ನಾನು ಜಗಲಿ ಬಿಟ್ಟು ಕದಲಲಿಲ್ಲ. ದೂರದ ಏರಿನಲ್ಲಿ ಕಾರಿನ ಸದ್ದು ಕೇಳಿದಾಗ ಅಕ್ಕ ಎದ್ದು ಎಸರಿಡಲು ಒಳಗೆ ಹೋದಳು. ಇಳಿದು ಬಂದ ಮಾವ ನನಗೆ ಹೇಳಿದ್ದು ಇಷ್ಟೇ: "ಅರ್ಧ ಇಳಿದ್ಮೇಲೆ ಹಿಡೀತೈತೆ ಕಣವ್ವಾ. ಮೊದ್ಲಿನಂಗೇ."

ಆ ರಾತ್ರಿ ನನ್ನ ಕಾಲು ಏನನ್ನೂ ಒತ್ತಲಿಲ್ಲ. ಬೆಳಗ್ಗೆ ಅಕ್ಕ ಬಂದು ಅಲುಗಾಡಿಸಿದಾಗ, ತಲೆದಿಂಬಿನ ಪಕ್ಕ ಅವಳು ಇಟ್ಟುಹೋಗಿದ್ದ ಕಾಫಿ ಆರಿ ಕೆನೆಗಟ್ಟಿತ್ತು.