ಮಧ್ಯಾಹ್ನದ "ಇದ್ದೀರಾ?"

ಗುಡ್ಡದ ಮೇಲಿನ ವಿದ್ಯುತ್ ಘಟಕದ ಕಂಟ್ರೋಲ್ ರೂಮಿನ ಆಪರೇಟರ್ ಮಾತಾಡುವುದು ಕಮ್ಮಿ. ಗುಮ್ಮನಗುಸಕ ಎಂದು ಶುರುವಾದ ಹೆಸರು ಸವೆದು ಗುಮ್ಮಣ್ಣ ಎಂದು ನಿಂತಿತ್ತು. ಅಡ್ಡಹೆಸರು ಇಡುವುದರಲ್ಲಿ ಜನ ಎತ್ತಿದ ಕೈ, ಬಿಡಿ. ಆದರೆ ಪಾಪ, ಅವನು ಮಾತಾಡುವುದಾದರೂ ಯಾರ ಹತ್ತಿರ? ಹೆಂಡತಿ ತೀರಿಹೋಗಿದ್ದಳು, ಮಕ್ಕಳಿಲ್ಲ. ಕಿಟಕಿಯ ಒಂದು ಕಡೆ ಸೋಲಾರ್ ಪ್ಯಾನೆಲ್ಲು, ಇನ್ನೊಂದು ಕಡೆ ಗಾಳಿಯಂತ್ರ. ಎರಡಕ್ಕೂ ಕಿವಿಯಿಲ್ಲ.

ಅವನಿಗಿದ್ದದ್ದು ಒಂದೇ ಒಂದು ಫೋನ್ ಕರೆ. ದಿನಾ ಮಧ್ಯಾಹ್ನ ಕೆಳಗಿನ ಸಬ್‌ಸ್ಟೇಷನ್ನಿನಿಂದ ಅಲ್ಲಿಯ ಆಪರೇಟರ್ ಅಕ್ಕ ಫೋನ್ ಮಾಡಿ "ಇದ್ದೀರಾ ಅಣ್ಣ?" ಎನ್ನುತ್ತಿದ್ದಳು. "ಇದ್ದೀನಿ ಅಕ್ಕ" ಎಂದರೆ ಮುಗಿಯಿತು. ಅಪರೂಪಕ್ಕೆ "ಊಟ ಆಯ್ತಾ?" ಎಂದೂ ಕೇಳುತ್ತಿದ್ದಳು. ಅವತ್ತು ತಂಗಳನ್ನವೂ ರುಚಿಯಾಗುತ್ತಿತ್ತು. ಅವಳ ಮುಖ ಅವನು ನೋಡಿದವನೇ ಅಲ್ಲ.

ಅದು ಕುಶಲ ಕೇಳುವ ಕರೆಯಲ್ಲ, ಡ್ಯೂಟಿ. ಕೆಳಗಿನ ಗ್ರಿಡ್ಡಿನಿಂದ ಲೈನ್ ಕಡಿದುಹೋದರೆ ಗುಡ್ಡದ ಕರೆಂಟೂ ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಗುಡ್ಡದ ಕರೆಂಟು ಹೋಗುವ ಊರಿನ ತುಂಡು ಒಂಟಿ ದ್ವೀಪದ ಹಾಗೆ ತನ್ನಷ್ಟಕ್ಕೆ ಬೆಳಗುತ್ತಿರುತ್ತದೆ. ತಂತಿಯಲ್ಲಿ ಕರೆಂಟಿಲ್ಲ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ನಿನ ಕಥೆ ಮುಗಿದಂತೆ! ಲೈನ್ ಕಡಿದರೆ ತಾನೇ ಆಫ್ ಮಾಡುವ ಹಳೆಯ ರಿಲೇ ಪೆಟ್ಟಿಗೆ ಇದನ್ನು ಸಾಮಾನ್ಯವಾಗಿ ಹಿಡಿಯುತ್ತಿತ್ತು. ಆದರೆ ಬಿಸಿಲು, ಗಾಳಿ ಸೇರಿ ಕೊಡುವ ಕರೆಂಟೂ ಊರು ಎಳೆಯುವ ಕರೆಂಟೂ ಸರಿಸಮವಾದಾಗ ಬೇಸ್ತು ಬೀಳುತ್ತಿತ್ತು. ಏರುಪೇರೇ ಇಲ್ಲದಿದ್ದರೆ ಅದಕ್ಕೆ ಗೊತ್ತಾಗುವುದು ಹೇಗೆ? ಹಾಗಾಗಿ ಲೈನ್ ಹೋದ ಕೂಡಲೆ ಅಕ್ಕ ಫೋನ್ ಮಾಡಬೇಕು, ಇವನು ಕೈಯಾರೆ ಆಫ್ ಮಾಡಬೇಕು. ಫೋನ್ ಸರಿಯಿದೆಯಾ ಎಂದು ನೋಡಲಿಕ್ಕೇ ದಿನದ ಆ "ಇದ್ದೀರಾ?".

ಒಂದು ದಿನ ಇಂಜಿನಿಯರಮ್ಮ ಹೊಸ ಯಂತ್ರ ಹೊತ್ತು ಬಂದರು. "ಇದು ಲೈನನ್ನ ಆಗಾಗ ಚೂರು ತಳ್ಳಿ ನೋಡುತ್ತೆ. ಆ ಕಡೆ ಗ್ರಿಡ್ ಇದ್ರೆ ಜಗ್ಗಲ್ಲ. ಇಲ್ಲಾಂದ್ರೆ ಜಾರುತ್ತೆ, ತಕ್ಷಣ ಆಫ್. ಇನ್ಮೇಲೆ ನಿಮಗೆ ಫೋನಿನ ಕಾಟ ಇಲ್ಲ" ಎಂದರು.

ಕಾಟವಂತೆ! ಗುಮ್ಮಣ್ಣ ಫೋನಿನ ಕಡೆ ನೋಡಿದ.

ಪರೀಕ್ಷೆಗೆಂದು, ಎರಡೂ ಕಡೆ ಸರಿಸಮವಾದ ಹೊತ್ತು ನೋಡಿ, ಕೆಳಗೆ ಬೇಕೆಂದೇ ಲೈನ್ ಕಡಿದರು. ಈ ಯಂತ್ರ ಹಿಡಿಯದೇ ಹೋಗಲಪ್ಪಾ ಎಂದುಕೊಂಡಿತು ಅವನ ಹಾಳು ಮನಸ್ಸು. ಮರುಕ್ಷಣವೇ ಮೈಯೆಲ್ಲ ನಾಚಿಕೆ. ಥೂ, ನಿನ್ನ ಒಂದು ಫೋನಿಗೋಸ್ಕರ ಇನ್ನೊಬ್ಬರ ಮನೆ ದೀಪ ಆರಬೇಕೇನೋ ಎಂದು ತನಗೆ ತಾನೇ ಉಗಿದುಕೊಂಡ. ಅಷ್ಟರಲ್ಲಿ ಪರದೆಯ ಮೇಲಿನ ಅಂಕಿ ಜಾರಿತು, ಕರೆಂಟು ಕಡಿಯುವ ಬ್ರೇಕರ್ ಧಡ್ ಎಂದು ಬಿತ್ತು. ಇಂಜಿನಿಯರಮ್ಮ ಚಪ್ಪಾಳೆ ತಟ್ಟಿದರು. ಇವನೂ ತಟ್ಟಿದ.

ಮರುದಿನ ಮಧ್ಯಾಹ್ನ ಫೋನ್ ಬರಲಿಲ್ಲ. ಊಟದ ಡಬ್ಬಿ ತೆಗೆದ, ಮುಚ್ಚಿದ. ತಂತಿ ಕಿತ್ತುಹೋಗಿದೆಯೇನೋ ಎಂದು ಫೋನಿನ ಹಿಂದೆ ಬಗ್ಗಿ ನೋಡಿದ. ಎಲ್ಲ ಸರಿಯಾಗಿಯೇ ಇತ್ತು, ಅದೇ ತಾನೆ ಸಂಕಟ. ಇಷ್ಟು ವರ್ಷ ಅವಳು ಮಾಡುತ್ತಿದ್ದಳು, ಇವನು ಎತ್ತುತ್ತಿದ್ದ. ತಾನಾಗಿ ಒಮ್ಮೆಯೂ ಮಾಡಿರಲಿಲ್ಲ. ಚೂರು ತಳ್ಳಿ ನೋಡುತ್ತೆ ಎಂದ ಇಂಜಿನಿಯರಮ್ಮನ ಮಾತು ನೆನಪಾಯಿತು. ಬೈದರೆ ಬೈಸಿಕೊಂಡರಾಯಿತು ಎಂದು ನಂಬರ್ ಒತ್ತಿದ.

ಒಂದು ರಿಂಗೂ ಪೂರ್ತಿ ಆಗಲಿಲ್ಲ, ಆ ಕಡೆ ಎತ್ತಿದರು.

"ಇದ್ದೀರಾ ಅಕ್ಕ?"



"ಆಗ್ಲಿಂದ ಫೋನ್ ಮುಂದೇನೇ ಕೂತಿದ್ದೀನಿ ಅಣ್ಣ," ಎಂದಳು. "ಫೋನ್ ಇನ್ನು ಬೇಡ ಅಂತ ಆಫೀಸಿನೋರು ಅಂದ್ಬಿಟ್ರಲ್ಲ, ಏನಂತ ಮಾಡ್ಲಿ ಅಂತ."